ಸೇತುವೆ ಪಕ್ಕ ಒಂದು ಹೂಕುಂಡ

ಅಮೆರಿಕಕ್ಕೆ ಆನ್‌ಸೈಟ್ ಹೋದ ನಮ್ಮ ಹುಡುಗರು ಮೂರು ಥರದ ಫೋಟೊ ಹಾಕ್ತಾರೆ. ನಯಾಗರಾ ಮುಂದೆ ನೀಲಿ ಪ್ಲಾಸ್ಟಿಕ್ ಕೋಟು, ಟೈಮ್ಸ್ ಸ್ಕ್ವೇರಿನಲ್ಲಿ ಎರಡೂ ಕೈ ಅಗಲ, ಅಕ್ಟೋಬರ್‌ನಲ್ಲಿ ಕೆಂಪು ಎಲೆಗಳ ನಡುವೆ ಹೊಸ ಜಾಕೆಟ್ಟು. ಬಾಸ್ಟನ್ ಕಡೆ ಇರುವವರ ಮೂರನೇ ಜಾತಿಯ ಫೋಟೊಗಳಲ್ಲಿ ಒಮ್ಮೊಮ್ಮೆ ಹಿಂದುಗಡೆ ಒಂದು ಎತ್ತರದ ಕಲ್ಲಿನ ಕಮಾನು ಕಾಣುತ್ತೆ. ಕೆಳಗೆ ಹೊಳೆ, ಮೇಲೆ ಮರ. ನೋಡಿದರೆ ಯಾವುದೋ ಪಾಳುಬಿದ್ದ ಕೋಟೆ ಅನ್ನಬೇಕು. ಅದು ರೈಲು ಸೇತುವೆ. ಕ್ಯಾಪ್ಶನ್ನಿನಲ್ಲಿ ಮಾತ್ರ ಸಾಮಾನ್ಯವಾಗಿ ‘ಪ್ರಕೃತಿಯ ಮಡಿಲಲ್ಲಿ’ ಅಂತಿರುತ್ತೆ.

ನನ್ನ ತಕರಾರು ಆ ‘ಪ್ರಕೃತಿಯ ಮಡಿಲು’ ಅನ್ನುವ ಮಾತಿನ ಮೇಲೆ. ಇದು ಒಂದು ಸೇತುವೆ ಸಾಲಿನ ವಿಮರ್ಶೆ, ಜೊತೆಗೆ ಅದನ್ನು ನಾವು ನೋಡುವ ರೀತಿಯ ವಿಮರ್ಶೆ. ಸೇತುವೆಗೆಂಥಾ ವಿಮರ್ಶೆ ಅಂತ ಕೇಳಬೇಡಿ. ದರ್ಶಿನಿಯ ಇಡ್ಲಿಗೆ ಐದರಲ್ಲಿ ಮೂರು ಸ್ಟಾರ್ ಕೊಟ್ಟು ಎರಡು ಪ್ಯಾರಾ ಬರೆಯುವ ಕಾಲ ಇದು. ನೂರೆಂಬತ್ತು ವರ್ಷ ನಿಂತ ಕಲ್ಲು ಅಷ್ಟಾದರೂ ಮರ್ಯಾದೆಗೆ ಯೋಗ್ಯ.

ಜಾಗ ಮ್ಯಾಸಚೂಸೆಟ್ಸ್ ರಾಜ್ಯದ ಪಶ್ಚಿಮದ ಬೆಟ್ಟಸೀಮೆ, ಬರ್ಕ್‌ಶೈರ್ ಕಡೆ. ಚೆಸ್ಟರ್ ಅನ್ನೋ ಪುಟ್ಟ ಊರು, ಬಾಸ್ಟನ್ನಿನಿಂದ ಕಾರಿನಲ್ಲಿ ಎರಡು ಗಂಟೆ ಚಿಲ್ಲರೆ. ಬೆಕೆಟ್, ಮಿಡಲ್‌ಫೀಲ್ಡ್ ಕಡೆಯಿಂದ ಅಲ್ಲಿಗೆ ವೆಸ್ಟ್‌ಫೀಲ್ಡ್ ನದಿಯ ಪಶ್ಚಿಮ ಕವಲು ಹರಿದು ಬರುತ್ತೆ. 1830ರ ದಶಕದ ಕೊನೆಯಲ್ಲಿ ವೆಸ್ಟರ್ನ್ ರೈಲ್‌ರೋಡ್ ಕಂಪನಿ ವೂಸ್ಟರ್‌ನಿಂದ ಆಲ್ಬನಿ ಕಡೆಗೆ ಹಳಿ ಹಾಕುತ್ತಾ ಬಂದಾಗ ಎದುರಿಗೆ ಸಿಕ್ಕಿದ್ದು ಈ ಕಣಿವೆ. ಹೊಳೆ ಹಾವಿನ ಹಾಗೆ ಹೊರಳುತ್ತೆ, ರೈಲು ಹೊರಳಲ್ಲ. ಹಾಗಾಗಿ ಹೊಳೆಯನ್ನ ಮತ್ತೆ ಮತ್ತೆ ದಾಟಬೇಕು. ಕಟ್ಟಿದ್ದು ಹತ್ತು ಕಲ್ಲಿನ ಕಮಾನು ಸೇತುವೆ. ಎತ್ತರದ್ದು 70 ಅಡಿ, ಅಂದರೆ ಬಿಟಿಎಂ ಲೇಔಟಿನ ಆರಂತಸ್ತಿನ ಅಪಾರ್ಟ್‌ಮೆಂಟಿನಷ್ಟು. ಮೇಲೆ ವಾಷಿಂಗ್ಟನ್ ಅನ್ನೋ ಊರಿನ ಹತ್ತಿರ ಹಳಿ 1,450 ಅಡಿಗೆ ಏರುತ್ತೆ. 1841ರಲ್ಲಿ ಮಾರ್ಗ ಪೂರ್ತಿ ತೆರೆದಾಗ, ಬೆಟ್ಟ ಹತ್ತಿಸಿ ಇಳಿಸುವಂಥ ಇಷ್ಟು ಉದ್ದದ ರೈಲುಮಾರ್ಗ ಜಗತ್ತಿಗೇ ಹೊಸದು.

1912ರಲ್ಲಿ ಹಳಿಯ ದಿಕ್ಕನ್ನು ಸ್ವಲ್ಪ ತಿದ್ದಿದರು. ಕೆಲವು ಕಮಾನುಗಳು ಕೆಲಸ ಕಳಕೊಂಡು ಕಾಡಿನಲ್ಲಿ ಉಳಿದವು. ಇವತ್ತು ನಡೆಯುವ ದಾರಿ ಅದರ ಮೇಲೇ, ಪಕ್ಕದಲ್ಲೇ ಹೋಗುತ್ತೆ. ಒಂದು ಕಡೆಗೆ ಎರಡೂವರೆ ಮೈಲಿಯ ಆಸುಪಾಸು. ಇನ್ನು ಕೆಲವು ಈಗಲೂ ಡ್ಯೂಟಿಯಲ್ಲಿವೆ. ಸಿಎಸ್‌ಎಕ್ಸ್ ಕಂಪನಿಯ ಗೂಡ್ಸ್ ರೈಲು, ಆಮ್‌ಟ್ರ್ಯಾಕಿನ ಲೇಕ್ ಶೋರ್ ಲಿಮಿಟೆಡ್ ಎರಡೂ ಈ ಮಾರ್ಗದಲ್ಲೇ ಓಡುತ್ತವೆ. 1980ರಲ್ಲಿ ಈ ಸೇತುವೆಗಳು ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿದವು, 2021ರಲ್ಲಿ ಅದಕ್ಕೂ ಮೇಲಿನ ನ್ಯಾಷನಲ್ ಹಿಸ್ಟಾರಿಕ್ ಲ್ಯಾಂಡ್‌ಮಾರ್ಕ್ ಗೌರವ ಸಿಕ್ಕಿತು.

ವಿಷಯದ ಹಿನ್ನೆಲೆ ಇಷ್ಟು. ಈಗ ಕೆಲಸದ ಗುಣಕ್ಕೆ ಬರೋಣ.

ಮೊದಲನೆಯದು, ಇವುಗಳಲ್ಲಿ ಗಾರೆ ಇಲ್ಲ. ಸಿಮೆಂಟಿನ ಮಾತು ಬಿಡಿ, ಸುಣ್ಣದ ಗಾರೆಯೂ ಇಲ್ಲ. ಕಲ್ಲಿನ ಮೇಲೆ ಕಲ್ಲು, ಅಷ್ಟೇ. ಕಮಾನಿನ ಒಂದೊಂದು ಕಲ್ಲನ್ನೂ ಬೆಣೆಯ ಆಕಾರಕ್ಕೆ ಕೆತ್ತಿ, ಕೆಳಗೆ ಮರದ ಸೆಂಟ್ರಿಂಗ್ ನಿಲ್ಲಿಸಿ, ಎರಡೂ ಕಡೆಯಿಂದ ಸಮವಾಗಿ ಏರಿಸುತ್ತಾ ಬಂದು, ನೆತ್ತಿಯಲ್ಲಿ ಕೊನೆಯ ಕಲ್ಲು ಕೂರಿಸಿ, ಆಮೇಲೆ ಸೆಂಟ್ರಿಂಗ್ ಬಿಚ್ಚಬೇಕು. ಬಿಚ್ಚುವ ಆ ಗಳಿಗೆ ಇದೆಯಲ್ಲ, ನಮ್ಮ ಪ್ರೊಡಕ್ಷನ್ ಡಿಪ್ಲಾಯ್‌ಮೆಂಟ್ ಅದರ ಮುಂದೆ ಏನೂ ಅಲ್ಲ. ಅಲ್ಲಿ ರೋಲ್‌ಬ್ಯಾಕ್ ಇರಲ್ಲ.

ಗಾರೆ ಇಲ್ಲದಿದ್ದರೂ ಹೇಗೆ ನಿಂತಿದೆ ಅಂದರೆ, ಬೀಳಬೇಕು ಅನ್ನುವ ಆಸೆಯೇ ಅದನ್ನು ನಿಲ್ಲಿಸಿದೆ. ಪ್ರತಿ ಕಲ್ಲೂ ಕೆಳಗೆ ಬೀಳಲು ನೋಡುತ್ತೆ, ಬೀಳಲು ಪಕ್ಕದ ಕಲ್ಲು ಬಿಡಲ್ಲ. ಹೀಗೆ ಒತ್ತಿಕೊಂಡೇ ಭಾರ ದಡಕ್ಕೆ ಹೋಗುತ್ತೆ. ಕಮಾನಿನ ಮೇಲೆ ತುಂಬಿದ ಮಣ್ಣು, ಕಲ್ಲಿನ ತೂಕವೇ ಬೇಕಾದಷ್ಟಿರುವುದರಿಂದ ಮೇಲೆ ಓಡುವ ರೈಲಿನ ತೂಕ ಅದರ ಲೆಕ್ಕಕ್ಕೆ ದೊಡ್ಡ ಏರುಪೇರಲ್ಲ. 1841ರ ಆಟಿಕೆಯಂಥ ಎಂಜಿನ್ನಿಗೆ ಕಟ್ಟಿದ್ದು ಇವತ್ತಿನ ಗೂಡ್ಸ್ ರೈಲನ್ನೂ ಹೊರುತ್ತಿರುವುದರ ಗುಟ್ಟು ಇದು. ಸುಮ್ಮನೆ ‘ಹಿಂದಿನ ಕಾಲದ ಕ್ವಾಲಿಟಿ’ ಅಂತ ಲೊಚಗುಟ್ಟಿದರೆ ಸಾಲದು.

ಇದನ್ನು ನಾನು ಬಿಇ ಓದುವಾಗ ಕಲಿತದ್ದಲ್ಲ, ನಂದು ಕಂಪ್ಯೂಟರ್ ಸೈನ್ಸು. ಇದನ್ನ ಮೊದಲು ಕಂಡದ್ದು ನಮ್ಮೂರ ಬಾವಿಯಲ್ಲಿ. ತಿಪಟೂರು ಕಡೆ ಹಳ್ಳಿಗಳಲ್ಲಿ ಹಳೇ ತೆಂಗಿನ ತೋಟದ ಬಾವಿಗಳಿಗೆ ಒಳಗಿನಿಂದ ಕಲ್ಲು ಕಟ್ಟಿರ್ತಾರೆ, ಗುಂಡಗೆ, ಗಾರೆ ಇಲ್ಲದೆ. ಸುತ್ತಲ ಮಣ್ಣು ಒಳಕ್ಕೆ ತಳ್ಳುತ್ತೆ, ತಳ್ಳಿದಷ್ಟೂ ಕಲ್ಲು ಬಿಗಿಯುತ್ತೆ. ಬಾವಿ ಅಂದರೆ ಮಲಗಿಸಿದ ಕಮಾನು. ಸುತ್ತು ಪೂರ್ತಿ ಬಂದಿರುವುದರಿಂದ ಅದಕ್ಕೆ ದಡವೂ ಬೇಡ. ನಮ್ಮ ಬಾವಿ ಕಟ್ಟಿದ್ದ ಬೋವಿ ಅಜ್ಜನಿಗೆ ಇದನ್ನ ಯಾರೂ ಬೋರ್ಡಿನ ಮೇಲೆ ಬರೆದು ತೋರಿಸಿರಲಿಲ್ಲ. ಕಲ್ಲನ್ನ ಎರಡು ಸಲ ತಿರುಗಿಸಿ ನೋಡಿ, ಒಂದೇಟು ಹಾಕಿ, ಕೂರಿಸೋನು. ಸಂದಿಗೆ ಚಕ್ಕೆ ಕೊಡೋನು. ಅಲ್ಲಾಡಿಸಿ ನೋಡಿದರೆ ಅಲ್ಲಾಡ್ತಿರಲಿಲ್ಲ.

ಸೇತುವೆಯ ಫೋಟೊ ಅಪ್ಪನಿಗೆ ವಾಟ್ಸಾಪ್ ಮಾಡಿದ್ದೆ. ಫೋನು ಬಂತು.

‘ಚೆನ್ನಾಗೈತೆ ಕಣೋ ಕಲ್ ಕೆಲಸ. ಯಾರ್ ಕಟ್ಟಿದ್ದು?’

‘ವಿಸ್ಲರ್ ಅಂತಪ್ಪ, ಜಾರ್ಜ್ ವಾಷಿಂಗ್ಟನ್ ವಿಸ್ಲರ್. ದೊಡ್ಡ ಎಂಜಿನಿಯರ್ರು.’

‘ಅದು ಸರಿ, ಅವ್ರು ಎಂಜಿನೀರು. ಕಟ್ಟಿದ್ಯಾರು ಅಂತ ಕೇಳ್ದೆ.’

ಈ ದಾರಿಯ ಬಗ್ಗೆ ನಾನು ಓದಿದ ಬರಹಗಳಲ್ಲೆಲ್ಲ ನಾಯಕ ಒಬ್ಬನೇ, ವಿಸ್ಲರ್. ನಾಯಕನಾಗಲು ಯೋಗ್ಯ ಮನುಷ್ಯನೇ, ಅದರಲ್ಲಿ ಎರಡು ಮಾತಿಲ್ಲ. 1800ರಲ್ಲಿ ಹುಟ್ಟಿದ, ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಓದಿದ, 1828ರಲ್ಲಿ ಇಂಗ್ಲೆಂಡಿಗೆ ಹೋಗಿ ಅಲ್ಲಿನ ರೈಲುಗಳನ್ನು ಅಭ್ಯಾಸ ಮಾಡಿ ಬಂದ. ಮರ ಹೇರಳವಾಗಿದ್ದ ಅಮೆರಿಕದಲ್ಲಿ ಮರದ ಸೇತುವೆ ಹಾಕಿ ಮುಗಿಸುವುದು ಸುಲಭವಿತ್ತು; ಇಲ್ಲಿ ಎದ್ದದ್ದು ಕಲ್ಲು. ಈ ಕೆಲಸ ಮುಗಿದ ಮೇಲೆ, 1842ರಲ್ಲಿ, ರಷ್ಯಾದ ದೊರೆ ಒಂದನೇ ನಿಕೊಲಸ್ ಕರೆಸಿಕೊಂಡು ಸೇಂಟ್ ಪೀಟರ್ಸ್‌ಬರ್ಗ್–ಮಾಸ್ಕೊ ರೈಲುಮಾರ್ಗದ ಕೆಲಸ ಕೊಟ್ಟ. ಆ ರೈಲು ಓಡಿದ್ದು 1851ರಲ್ಲಿ. ಅಷ್ಟರಲ್ಲಿ, 1849ರಲ್ಲಿ, ವಿಸ್ಲರ್ ಕಾಲರಾದಿಂದ ಅಲ್ಲೇ ತೀರಿಕೊಂಡಿದ್ದ.

ಆದರೆ ಅಪ್ಪನ ಪ್ರಶ್ನೆಗೆ ಉತ್ತರ ಇದಲ್ಲ. ಹಳಿ ಹಾಕಲು ಬಂಡೆ ಸೀಳಿದವರು, ದಿಬ್ಬ ತುಂಬಿದವರು, ಕಲ್ಲು ಎಳೆದವರು ಬಹುಪಾಲು ಐರ್ಲೆಂಡಿನಿಂದ ಹಡಗು ಹತ್ತಿ ಬಂದ ಬಡವರು. ಆಲೂಗಡ್ಡೆ ಬರಗಾಲ ಶುರುವಾಗಿದ್ದು 1845ರಲ್ಲಿ. ಇವರು ಅದಕ್ಕೂ ಮುಂಚೆ ಬಂದವರು. ಈ ದಾರಿಯಲ್ಲಿ ಬಂಡೆಯನ್ನ ಎರಡಾಗಿ ಕಡಿದು ರೈಲಿಗೆ ಓಣಿ ಮಾಡಿರುವ ಜಾಗಗಳಿವೆ. ಆಗ ಡೈನಮೈಟ್ ಇರಲಿಲ್ಲ, ಅದು ಬಂದಿದ್ದು 1867ರಲ್ಲಿ. ಇವರ ಕೈಯಲ್ಲಿದ್ದದ್ದು ಸುತ್ತಿಗೆ, ಹಾರೆ, ಕರಿಮದ್ದು. ಬಂಡೆಗೆ ತೂತು ಕೊರೆದು, ಮದ್ದು ತುಂಬಿ, ಬತ್ತಿ ಹಚ್ಚಿ ಓಡಬೇಕು. ಓಡಲು ಆಗದವರ ಲೆಕ್ಕ ದಾರಿಯ ಕಥೆಯಲ್ಲಿ ಬರಲ್ಲ. ಇದೇ ರಾಜ್ಯದಲ್ಲಿ ವಾಲ್ಡನ್ ಕೊಳದ ದಂಡೆಯಲ್ಲಿ ಕೂತಿದ್ದ ಥೋರೊಗೆ ಹಳಿ ಕೆಳಗಿನ ಒಂದೊಂದು ಮರದ ಅಡ್ಡಪಟ್ಟಿಯಲ್ಲೂ ಒಬ್ಬ ಮನುಷ್ಯ ಕಂಡಿದ್ದ. 1854ರ ಪುಸ್ತಕ ಅದು. ಅಂದರೆ ಇದು ನಾವು ಈಗ ಕೂತು ಹುಡುಕಿದ ಹೊಸ ತಕರಾರಲ್ಲ, ಆ ಕಾಲದವರಿಗೇ ಗೊತ್ತಿದ್ದದ್ದು.

ಸೇತುವೆಗಳ ಜನಪ್ರಿಯ ಹೆಸರಿನ ಮೇಲೂ ನನಗೆ ಒಂದು ಸಣ್ಣ ಸಿಟ್ಟಿದೆ. ಕೀಸ್ಟೋನ್ ಆರ್ಚಸ್ ಅಂತಾರೆ. ಕೀಸ್ಟೋನ್ ಅಂದರೆ ಕಮಾನಿನ ನೆತ್ತಿಯಲ್ಲಿ ಕೊನೆಗೆ ಕೂರುವ ಕಲ್ಲು. ಇಂಗ್ಲಿಷಿನಲ್ಲಿ ಯಾವುದೇ ಮುಖ್ಯವಾದದ್ದಕ್ಕೆ ಈ ಪದ ಬಳಸಿ ಬಳಸಿ, ಉಳಿದ ಕಲ್ಲುಗಳೆಲ್ಲ ಅದರ ಹಂಗಿನಲ್ಲಿವೆ ಅನ್ನುವ ಭಾವನೆ ಬಂದುಬಿಟ್ಟಿದೆ. ನಿಜಕ್ಕೂ ಕಮಾನಿನಲ್ಲಿ ಯಾವ ಕಲ್ಲು ತೆಗೆದರೂ ಕಥೆ ಮುಗೀತು. ಬುಡದ ಕಲ್ಲುಗಳ ಮೇಲೆ ನೆತ್ತಿಯ ಕಲ್ಲಿಗಿಂತ ಹೆಚ್ಚೇ ಭಾರ ಬೀಳುತ್ತೆ. ಕೊನೆಗೆ ಬಂದು ಕೂತವನಿಗೆ ಕೀರ್ತಿ ಹೋಗುವುದು ನಮ್ಮ ಆಫೀಸಿನ ಅಪ್ರೈಸಲ್ಲಿನಲ್ಲಿ ಮಾತ್ರ ಅಂದುಕೊಂಡಿದ್ದೆ.

ಆಫೀಸಿನ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ. ಈ ರೈಲುಮಾರ್ಗಕ್ಕೂ ನೀವು ಸೋಮವಾರ ಬೆಳಿಗ್ಗೆ ಸ್ಟೇಟಸ್ ಕಾಲಿನಲ್ಲಿ ಕೂರುವುದಕ್ಕೂ ನೇರ ಸಂಬಂಧ ಇದೆ. 1841ರ ಅಕ್ಟೋಬರ್ 5ರಂದು ವೆಸ್ಟರ್ನ್ ರೈಲ್‌ರೋಡಿನಲ್ಲಿ ಎರಡು ಪ್ಯಾಸೆಂಜರ್ ರೈಲುಗಳು ಎದುರುಬದುರು ಡಿಕ್ಕಿ ಹೊಡೆದವು. ಒಂಟಿ ಹಳಿ, ಎರಡೂ ದಿಕ್ಕಿಗೆ ರೈಲು, ಟೆಲಿಗ್ರಾಫ್ ಇನ್ನೂ ಬಂದಿಲ್ಲ. ಇಬ್ಬರು ಸತ್ತರು. ಗಲಾಟೆಯಾಗಿ ತನಿಖೆ ಆಯಿತು. ಅದಾದ ಮೇಲೆ ಕಂಪನಿ ಮಾರ್ಗವನ್ನು ವಿಭಾಗಗಳಾಗಿ ಒಡೆದು, ಪ್ರತಿ ವಿಭಾಗಕ್ಕೆ ಇಂಥವರು ಜವಾಬ್ದಾರರು, ಅವರು ಇಂಥವರಿಗೆ ವರದಿ ಕೊಡಬೇಕು, ಅವರು ಕೇಂದ್ರ ಕಚೇರಿಗೆ ಕೊಡಬೇಕು ಅಂತ ಬರೆದಿಟ್ಟಿತು. ವ್ಯಾಪಾರದ ಇತಿಹಾಸ ಬರೆದ ಆಲ್‌ಫ್ರೆಡ್ ಚಾಂಡ್ಲರ್ ಪ್ರಕಾರ ಅಮೆರಿಕದ ಕಂಪನಿಯೊಂದು ತನ್ನ ಒಳಗಿನ ಅಧಿಕಾರದ ರಚನೆಯನ್ನ ಆಧುನಿಕ ರೀತಿಯಲ್ಲಿ ಸ್ಪಷ್ಟವಾಗಿ ಗೊತ್ತುಮಾಡಿದ್ದು ಇದೇ ಮೊದಲು. ನಮ್ಮ ರಿಪೋರ್ಟಿಂಗ್ ಮ್ಯಾನೇಜರು, ಅವರ ಮ್ಯಾನೇಜರು, ಅವರ ಮೇಲಿನ ಡೈರೆಕ್ಟರು, ಈ ವಂಶವೃಕ್ಷದ ಒಂದು ಮುಖ್ಯ ಬೇರು ಈ ಕಣಿವೆಯ ಹಳಿಗಳ ಕೆಳಗಿದೆ. ಟ್ರೆಕ್ಕಿಂಗ್ ಬಂದು ಆಫೀಸ್ ಮರೆತೆ ಅನ್ನುವವರಿಗೆ ಇದನ್ನ ಹೇಳಬೇಕೋ ಬೇಡವೋ ಗೊತ್ತಿಲ್ಲ.

ಇನ್ನು ಎಂಜಿನ್‌ಗಳ ಕಥೆ. ಈ ಏರಿಗೆಂದು ಬಾಲ್ಟಿಮೋರಿನ ರಾಸ್ ವೈನನ್ಸ್ ಕಂಪನಿಗೆ ಕೊಟ್ಟಿದ್ದು ನೆಟ್ಟಗೆ ನಿಂತ ಬಾಯ್ಲರಿನ ವಿಚಿತ್ರ ಎಂಜಿನ್‌ಗಳು. ಅವು ತೊಂದರೆ ಕೊಟ್ಟೂ ಕೊಟ್ಟೂ ಕೆಲವೇ ವರ್ಷದಲ್ಲಿ ಮೂಲೆ ಸೇರಿದವು. ಆ ಕಾಲಕ್ಕೆ ಅತ್ಯಾಧುನಿಕ ಅನ್ನಿಸಿದ್ದು ಎಂಜಿನ್ನೇ ಇರಬೇಕು, ಕಲ್ಲಲ್ಲ.

ಈಗ ಮೊದಲು ಹೇಳಿದ ‘ಪ್ರಕೃತಿಯ ಮಡಿಲು’. ದಾರಿಯುದ್ದಕ್ಕೂ ಬೀಚ್, ಬರ್ಚ್, ಹೆಮ್‌ಲಾಕ್ ಮರಗಳು. ದಟ್ಟ, ತಂಪು. ಅನಾದಿಯಿಂದ ಇರುವ ಕಾಡಿನೊಳಗೆ ಮನುಷ್ಯ ನುಗ್ಗಿ ಸೇತುವೆ ಕಟ್ಟಿದ, ಆಮೇಲೆ ಕಾಡು ಅದನ್ನ ವಾಪಸ್ ತಗೊಂಡಿತು ಅನ್ನುವ ಕಥೆ ತಾನಾಗಿಯೇ ಮನಸ್ಸಿಗೆ ಬರುತ್ತೆ. ಅದು ತಲೆಕೆಳಗಾದ ಕಥೆ. ಇಲ್ಲಿ ಕಾಡಿಗಿಂತ ಸೇತುವೆಗೇ ವಯಸ್ಸು ಹೆಚ್ಚು. ಹತ್ತೊಂಬತ್ತನೇ ಶತಮಾನದ ನಡುವಿಗೆ ಮ್ಯಾಸಚೂಸೆಟ್ಸ್‌ನ ಬಹುಪಾಲು ನೆಲ ಬೋಳು. ಮರ ಕಡಿದು ಹೊಲ ಮಾಡಿದ್ದರು, ಕುರಿ ಮೇಯಿಸಲು ಹುಲ್ಲುಗಾವಲು ಮಾಡಿದ್ದರು. ಈ ಗುಡ್ಡಗಳಲ್ಲಿ ರೈತರಿದ್ದರು.

ಅವರು ಎಲ್ಲಿ ಹೋದರು? ಉತ್ತರದ ಒಂದು ಭಾಗ ಈ ಸೇತುವೆಯ ಮೇಲೇ ಓಡಿತು. ವೆಸ್ಟರ್ನ್ ರೈಲ್‌ರೋಡ್ ಹಾಕಿದ್ದೇ ಪಶ್ಚಿಮದ ಧಾನ್ಯ, ಹಿಟ್ಟು ಬಾಸ್ಟನ್ನಿಗೆ ಬರಲಿ, ಈರಿ ಕಾಲುವೆಯ ವ್ಯಾಪಾರ ಎಲ್ಲ ನ್ಯೂಯಾರ್ಕಿನ ಪಾಲಾಗದಿರಲಿ ಅಂತ. ಸಪಾಟು ನೆಲದ, ಕಪ್ಪು ಮಣ್ಣಿನ ಗೋಧಿ ಅಗ್ಗಕ್ಕೆ ಬಂದು ಇಳಿದ ಮೇಲೆ ಈ ಕಲ್ಲುಗುಡ್ಡದ ರೈತ ಎಷ್ಟು ದಿನ ತಡಕೊಂಡಾನು? ಮಕ್ಕಳು ಲೋವೆಲ್, ಸ್ಪ್ರಿಂಗ್‌ಫೀಲ್ಡ್‌ನಂಥ ಊರುಗಳ ಮಿಲ್ಲಿಗೆ, ಫ್ಯಾಕ್ಟರಿಗೆ ಇಳಿದರು, ಇಲ್ಲವೇ ಅದೇ ರೈಲು ಹತ್ತಿ ಪಶ್ಚಿಮಕ್ಕೆ ಹೋದರು. ಹೊಲ ಬೀಳುಬಿತ್ತು. ಬೀಳುಬಿದ್ದ ಹೊಲದಲ್ಲಿ ಮರ ಎದ್ದಿತು. ನಾವು ಫೋಟೊ ತೆಗೆಯುವ ಕೆಂಪೆಲೆಯ ಕಾಡು ಅದು.

ಇದಕ್ಕೆ ಸಾಕ್ಷಿ ನ್ಯೂ ಇಂಗ್ಲೆಂಡಿನ ಕಾಡುಗಳಲ್ಲಿ ಎಲ್ಲೆಲ್ಲೂ ಇದೆ: ಸೊಂಟದೆತ್ತರದ ಕಲ್ಲುಗೋಡೆಗಳು, ಮರಗಳ ನಡುವೆ, ಯಾಕೆ ಅಂತಲೇ ಗೊತ್ತಾಗದಂತೆ ಎಲ್ಲಿಂದಲೋ ಎಲ್ಲಿಗೋ ಹೋಗುತ್ತವೆ. ಹೊಲದಲ್ಲಿ ಸಿಕ್ಕ ಕಲ್ಲನ್ನೆಲ್ಲ ಆರಿಸಿ ಅಂಚಿಗೆ ಪೇರಿಸಿದ ಪೌಳಿ ಅವು. ಹಳ್ಳಿಯಲ್ಲಿ ಬೆಳೆದವನಿಗೆ ಇದನ್ನು ಬೋರ್ಡ್ ಹಾಕಿ ಹೇಳಬೇಕಾಗಿಲ್ಲ. ಕಾಡಿನ ನಡುವೆ ಪೌಳಿ ಕಂಡರೆ ಅದು ಯಾರದೋ ಜಮೀನು. ಯಾರೋ ಒಬ್ಬರು ಬೆನ್ನು ಬಗ್ಗಿಸಿ ಆ ಕಲ್ಲು ಆರಿಸಿದ್ದಾರೆ, ಅವರ ಮಗ ಊರು ಬಿಟ್ಟಿದ್ದಾನೆ. ನಮ್ಮ ತೋಟದ ಅಂಚಿನಲ್ಲೂ ಅಂಥದೊಂದು ಗೋಡೆ ಇದೆ. ಹೋದ ಸಲ ಹೋದಾಗ ಅದರ ಸಂದಿಯಲ್ಲಿ ಬೇಲದ ಗಿಡ ಎದ್ದಿತ್ತು. ಅಪ್ಪ ‘ಕಿತ್ತಾಕ್ಬೇಕು, ಆಳ್ ಸಿಗಲ್ಲ’ ಅಂದ್ರು. ಇದಕ್ಕಿಂತ ಹೆಚ್ಚು ನಾನು ಈ ವಿಷಯದಲ್ಲಿ ಹೇಳಲಾರೆ.

ವಿಸ್ಲರ್‌ನ ಗಂಡುಮಕ್ಕಳಲ್ಲಿ ಒಬ್ಬನ ಕಥೆ ಕೇಳಿ. 1834ರಲ್ಲಿ ಲೋವೆಲ್‌ನಲ್ಲಿ ಹುಟ್ಟಿದ ಜೇಮ್ಸ್. ಅಪ್ಪ ಓದಿದ ವೆಸ್ಟ್ ಪಾಯಿಂಟಿಗೇ ಸೇರಿ, ಕೆಮಿಸ್ಟ್ರಿಯಲ್ಲಿ ಡುಮ್ಕಿ ಹೊಡೆದು, 1854ರಲ್ಲಿ ಹೊರಗೆ ಹಾಕಿಸಿಕೊಂಡ. ಆಮೇಲೆ ಸರ್ಕಾರದ ಕರಾವಳಿ ಸರ್ವೆ ಕಚೇರಿಯಲ್ಲಿ ನಕ್ಷೆ ಕೊರೆಯುವ ಕೆಲಸ. ಅಲ್ಲಿ ತಾಮ್ರದ ತಗಡಿನ ಮೇಲೆ ಗೆರೆ ಕೊರೆಯುವುದು ಕಲಿತು, ಕೆಲಸ ಬಿಟ್ಟು, ಪ್ಯಾರಿಸ್ಸಿಗೆ, ಲಂಡನ್ನಿಗೆ ಹೋಗಿ ಜಗತ್ಪ್ರಸಿದ್ಧ ಚಿತ್ರಕಾರನಾದ. 1871ರಲ್ಲಿ ತನ್ನ ತಾಯಿ, ಅಂದರೆ ನಮ್ಮ ಎಂಜಿನಿಯರ್ ವಿಸ್ಲರ್‌ನ ಹೆಂಡತಿ ಆ್ಯನಾಳನ್ನು ಕುರ್ಚಿಯಲ್ಲಿ ಪಕ್ಕಕ್ಕೆ ಕೂರಿಸಿ ಬರೆದ ಚಿತ್ರ ಇವತ್ತು ಪ್ಯಾರಿಸ್ಸಿನ ಒರ್ಸೆ ಮ್ಯೂಸಿಯಮ್ಮಿಗೆ ಸೇರಿದ್ದು. ಮಿಸ್ಟರ್ ಬೀನ್ ಸಿನಿಮಾದಲ್ಲಿ ಸೀನಿ, ಒರೆಸಿ, ಹಾಳುಮಾಡ್ತಾನಲ್ಲ, ಅದೇ ಚಿತ್ರ.

ಮಗ ಅದಕ್ಕೆ ‘ತಾಯಿ’ ಅಂತ ಹೆಸರಿಡಲಿಲ್ಲ. ಬೂದು ಮತ್ತು ಕಪ್ಪಿನ ಜೋಡಣೆ, ನಂಬರ್ ಒಂದು ಅಂತ ಇಟ್ಟ. ಅವಳು ನನ್ನ ತಾಯಿ ಅನ್ನೋದು ನನಗೆ ಮುಖ್ಯ, ನೋಡುವ ನಿಮಗೆ ಯಾಕೆ, ನೀವು ಜೋಡಣೆ ನೋಡಿ ಅನ್ನೋದು ಅವನ ವಾದ. ಚಿತ್ರ ನೋಡಿದರೆ ಗೊತ್ತಾಗುತ್ತೆ: ಗೋಡೆ, ಪರದೆ, ನೆಲ, ಗೋಡೆ ಮೇಲಿನ ಚೌಕಟ್ಟು, ಕಾಲ್ಮಣೆ, ಕಪ್ಪು ಉಡುಪಿನ ದೊಡ್ಡ ಆಕಾರ. ಒಂದೊಂದೂ ಇನ್ನೊಂದಕ್ಕೆ ಒತ್ತಿಕೊಂಡು ನಿಂತಿವೆ. ಅಪ್ಪನ ಸೇತುವೆ ನೋಡಿ ಬಂದವರಿಗೆ ಇದು ಅದೇ ಮನೆತನದ ಕೆಲಸ ಅನ್ನಿಸಿದರೆ ಆಶ್ಚರ್ಯವಿಲ್ಲ. ಗಾರೆ ಇಲ್ಲ. ಕಣ್ಣೀರಿನ ಗಾರೆಯೂ ಇಲ್ಲ.

ಆದರೆ ಜನ ಕೇಳಬೇಕಲ್ಲ. 1934ರಲ್ಲಿ ಅಮೆರಿಕದ ಅಂಚೆ ಇಲಾಖೆ ತಾಯಂದಿರ ದಿನಕ್ಕೆಂದು ಮೂರು ಸೆಂಟಿನ ಸ್ಟಾಂಪ್ ತಂದಿತು. ಈ ಚಿತ್ರವನ್ನೇ ಹಾಕಿದರು. ಹಾಕುವಾಗ ಚಿತ್ರದ ಸುತ್ತ ಕತ್ತರಿಸಿ, ತಾಯಿಯ ಕಾಲ ಹತ್ತಿರ, ಮೂಲದಲ್ಲಿ ಇಲ್ಲದ ಒಂದು ಹೂಕುಂಡ ಇಟ್ಟರು. ಚಿತ್ರ ಒಣಒಣ ಅನ್ನಿಸಿರಬೇಕು. ಹೂವಿದ್ದರೆ ಅಮ್ಮ ಅಂತ ಬೇಗ ಗೊತ್ತಾಗುತ್ತೆ. ಕಲಾವಿದರು ಆಗಲೇ ಇದರ ವಿರುದ್ಧ ಕೂಗಾಡಿದರು.

ಮಗನ ಚಿತ್ರಕ್ಕೆ ಆ ಸ್ಟಾಂಪು ಮಾಡಿದ್ದನ್ನೇ ಅಪ್ಪನ ಸೇತುವೆಗೆ ನಮ್ಮ ಟ್ರೆಕ್ಕಿಂಗ್ ಬರಹಗಳು ಮಾಡ್ತಿವೆ. ಕಾಡು, ಜುಳುಜುಳು, ಶಾಂತಿ, ಡಿಜಿಟಲ್ ಡಿಟಾಕ್ಸ್. ಕಮಾನಿನ ಪಕ್ಕ ಒಂದು ಹೂಕುಂಡ. ಆ ಹೂಕುಂಡದ ಹಿಂದೆ ಮದ್ದು ಸಿಡಿಸಿದ ಬಂಡೆ, ಬೀಳುಬಿದ್ದ ಹೊಲ, ಡಿಕ್ಕಿ ಹೊಡೆದ ರೈಲು ಎಲ್ಲ ಮರೆ.

ಒಂದು ಎದುರು ವಾದವನ್ನೂ ಕೇಳಬೇಕು. ವಿಸ್ಲರ್ ಮಗ ಕೋರ್ಟಿಗೆಳೆದ ವಿಮರ್ಶಕ ಜಾನ್ ರಸ್ಕಿನ್ ಗೊತ್ತಲ್ಲ, ಗಾಂಧೀಜಿ ಮೇಲೆ ಪ್ರಭಾವ ಬೀರಿದವನು. 1878ರ ಆ ಕೇಸಿನಲ್ಲಿ ಚಿತ್ರಕಾರ ಗೆದ್ದ, ಪರಿಹಾರ ಸಿಕ್ಕಿದ್ದು ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಎರಡು ದಿನದ ಕೆಲಸಕ್ಕೆ ಇನ್ನೂರು ಗಿನಿ ಕೇಳ್ತೀಯಾ ಅಂದ ವಕೀಲನಿಗೆ, ಇಡೀ ಆಯುಸ್ಸಿನ ತಿಳಿವಳಿಕೆಗೆ ಕೇಳ್ತೀನಿ ಅಂದಿದ್ದ ಚಿತ್ರಕಾರ. (ಎಸ್ಟಿಮೇಶನ್ ಮೀಟಿಂಗಿನಲ್ಲಿ ಈ ಉತ್ತರ ಹೇಳಲು ನನಗೂ ಆಸೆ.) ಅದೇ ಕೇಸಿನಲ್ಲಿ ಹುಟ್ಟೂರು ಯಾವುದು ಅಂದಾಗ ಲೋವೆಲ್ ಅನ್ನದೆ ಸೇಂಟ್ ಪೀಟರ್ಸ್‌ಬರ್ಗ್ ಅಂದುಬಿಟ್ಟ, ಮಿಲ್ಲಿನ ಊರಿನವನು ಅನ್ನಿಸಿಕೊಳ್ಳುವುದು ಬೇಕಿರಲಿಲ್ಲ. ಇರಲಿ. ಈ ರಸ್ಕಿನ್‌ಗೆ ರೈಲು ಕಂಡರಾಗದು. ಇಂಗ್ಲೆಂಡಿನ ಮಾನ್ಸಲ್ ಕಣಿವೆಗೆ 1863ರಲ್ಲಿ ಕಲ್ಲಿನ ರೈಲು ಸೇತುವೆ ಬಂದಾಗ, ದೇವತೆಗಳಿದ್ದ ಕಣಿವೆ ಹಾಳಾಯಿತು ಅಂತ ಉರಿದುಬಿದ್ದ. ಇವತ್ತು ಆ ಸೇತುವೆಯನ್ನೇ ಕಾನೂನು ಕಾಪಾಡುತ್ತೆ, ಅದರ ಮೇಲೆ ಜನ ವಾಕಿಂಗ್, ಸೈಕ್ಲಿಂಗ್ ಹೋಗ್ತಾರೆ, ಕಣಿವೆಯ ಸೊಬಗೇ ಅದು ಅಂತಾರೆ. ಅಂದಮೇಲೆ ಸೌಂದರ್ಯ ಕಾಲ ಕಳೆದಂತೆ ಬದಲಾಗುತ್ತೆ, ಕಷ್ಟ ಮರೆತು ಕಲ್ಲಿನ ಚಂದ ನೋಡಿದರೆ ಏನು ತಪ್ಪು ಅನ್ನಬಹುದು.

ತಪ್ಪೇನಿಲ್ಲ. ಚಂದ ಚಂದವೇ. ನನಗೂ ಆ ಎತ್ತರದ ಕಮಾನಿನ ಕೆಳಗೆ ಹೊಳೆಯ ಕಲ್ಲುಗಳ ಮೇಲೆ ನಿಂತಾಗ ಮಾತು ಬರಲಿಲ್ಲ. ನನ್ನ ವಾದ ಇಷ್ಟೇ: ಹೂಕುಂಡ ತೆಗೆದರೆ ಚಂದ ಹೆಚ್ಚುತ್ತೆ, ಕಮ್ಮಿಯಾಗಲ್ಲ. ಗಾರೆಯಿಲ್ಲದೆ ನಿಂತ ಬಗೆ ಗೊತ್ತಾದಮೇಲೆ ಕಲ್ಲಿನ ಸಂದಿಗಳನ್ನ ನೋಡುವ ರೀತಿಯೇ ಬೇರೆ. ಕಾಡು ಯಾಕೆ ಅಲ್ಲಿದೆ ಅಂತ ಗೊತ್ತಾದಮೇಲೆ ಕೆಂಪೆಲೆಯೂ ಬೇರೆ.

ಈ ದಾರಿಯನ್ನು ಮಾಡಿದವರಿಗೆ ಒಂದು ವಿಷಯದಲ್ಲಿ ಪೂರ್ತಿ ಅಂಕ ಕೊಡಬೇಕು. ಓಡುವ ಹಳಿಯನ್ನೂ ನಡೆಯುವ ದಾರಿಯನ್ನೂ ಬೇರೆ ಇಟ್ಟಿದ್ದಾರೆ. ಸಿಎಸ್‌ಎಕ್ಸ್ ಹಳಿ ಹತ್ತಬೇಡಿ ಅಂತ ಎಚ್ಚರಿಸಿ ಕೈತೊಳಕೊಂಡಿಲ್ಲ, ಹತ್ತದೆಯೇ ಸೇತುವೆ ನೋಡುವ ದಾರಿ ಮಾಡಿಕೊಟ್ಟಿದ್ದಾರೆ. ಇಲ್ಲಿ ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಮಾರ್ಗ ನೆನಪಾಗದೆ ಇರಲ್ಲ. 55 ಕಿಲೋಮೀಟರು, 57 ಸುರಂಗ, 109 ಸೇತುವೆ, 50 ಅಡಿಗೆ ಒಂದಡಿ ಏರು. 1979ರಲ್ಲಿ ಮೀಟರ್ ಗೇಜ್ ಓಡಿತು, ಆಮೇಲೆ ವರ್ಷಗಟ್ಟಲೆ ನಿಲ್ಲಿಸಿ ಬ್ರಾಡ್ ಗೇಜ್ ಮಾಡಿದರು. ಆ ನಿಂತ ವರ್ಷಗಳಲ್ಲಿ ಬೆಂಗಳೂರಿನ ಹುಡುಗರು ಹಳಿ ಮೇಲೆ ನಡೆದು ಅದಕ್ಕೆ ‘ಗ್ರೀನ್ ರೂಟ್’ ಅಂತ ಹೆಸರಿಟ್ಟರು. ರೈಲು ಮತ್ತೆ ಶುರುವಾದ ಮೇಲೂ ನಡೆದರು, ಈಗಲೂ ಕದ್ದು ನಡೀತಾರೆ. ಅಪ್ಪಣೆಯಿಲ್ಲದೆ ಹಳಿ ಮೇಲೆ ಹೋಗುವುದು ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ ಪ್ರಕಾರ ಅಪರಾಧ, ಆರು ತಿಂಗಳವರೆಗೆ ಜೈಲು ಇದೆ. ಜೈಲಿಗಿಂತ ಮುಂಚೆ ಸುರಂಗದೊಳಗೆ ಎದುರಿಗೆ ಬರುವ ಗೂಡ್ಸ್ ರೈಲಿದೆ. ಅಲ್ಲಿ ಬೇಕಾಗಿರುವುದು ಇನ್ನೊಂದು ನಿಷೇಧದ ಬೋರ್ಡಲ್ಲ, ಹಳಿಯಿಂದ ದೂರದಲ್ಲಿ ಸೇತುವೆ ಕಾಣುವ ಒಂದೆರಡು ಜಾಗ. ಜೊತೆಗೆ ಆ ಸುರಂಗ ಕೊರೆದವರ ಕಥೆ ಹೇಳುವ ನಾಲ್ಕು ಸಾಲು. ಕೊರೆದವರಲ್ಲಿ ಇನ್ನೂ ಬದುಕಿರುವವರು ಇದ್ದೇ ಇರ್ತಾರೆ. ಚೆಸ್ಟರ್‌ಗೆ ಆ ಅವಕಾಶ ಯಾವತ್ತೋ ತಪ್ಪಿಹೋಗಿದೆ, ನಮಗೆ ಇನ್ನೂ ಸ್ವಲ್ಪ ಇದೆ.

ಕೀಸ್ಟೋನ್ ಕಮಾನುಗಳಿಗೆ ಹೋಗುವವರಿದ್ದರೆ ಅಕ್ಟೋಬರ್ ಬಿಡಿ, ನವೆಂಬರ್ ಕೊನೆಯಲ್ಲಿ ಹೋಗಿ. ಎಲೆ ಎಲ್ಲ ಉದುರಿರುತ್ತೆ, ಫೋಟೊ ಅಷ್ಟು ಚೆನ್ನಾಗಿ ಬರಲ್ಲ. ಆದರೆ ಕಲ್ಲಿನ ಸಾಲು ಬುಡದಿಂದ ನೆತ್ತಿವರೆಗೆ ಪೂರ್ತಿ ಕಾಣುತ್ತೆ, ಮರಗಳ ನಡುವೆ ಹಳೇ ಪೌಳಿಗಳೂ ಕಾಣುತ್ತವೆ. ಬೇಟೆಯ ಸೀಸನ್ನು ಬೇರೆ, ಕಿತ್ತಳೆ ಬಣ್ಣದ ಜಾಕೆಟ್ ಹಾಕ್ಕೊಂಡು ಹೋಗಿ. ಕಮಾನಿನ ಮೇಲೆ ಅಂಚಿಗೆ ಹೋಗಿ ಸೆಲ್ಫಿ ತೆಗೀಬೇಡಿ, ಕೆಳಗೆ 70 ಅಡಿ.